ದೋಣಿಯ ಮರದ ತೋಳು

ಹಿಂದೂಪುರವೆಂದರೆ ಬೆಲ್ಲದ ಮತ್ತು ಹುಣಿಸೆಯ ಪೇಟೆ, ಕಲ್ಯಾಣದುರ್ಗವೆಂದರೆ ಕಡಲೆಕಾಯಿ ಹೊಲಗಳ ನಡುವಣ ಊರು ಎಂಬುದು ಗಡಿಯ ಎರಡು ಕಡೆಯ ಕನ್ನಡಿಗರಿಗೂ ಪರಿಚಿತವಾದ ಸಂಗತಿಯಾಗಿದ್ದರೂ, ಈ ಊರುಗಳ ಹೆಸರಿನೊಡನೆ ದೋಣಿಯನ್ನು ಕೂಡಿಸಿ ಯೋಚಿಸುವವರು ವಿರಳ. ವರ್ಷಕ್ಕೆ ಸುಮಾರು ೫೫ ಸೆಂಟಿಮೀಟರಿನಷ್ಟು ಮಾತ್ರ ಮಳೆ ಕಾಣುವ, ದೇಶದ ಅತ್ಯಂತ ಒಣ ಪ್ರದೇಶಗಳ ಸಾಲಿನಲ್ಲಿ ಎಣಿಕೆಗೊಳ್ಳುವ ಈ ಸೀಮೆಯಲ್ಲಿ ನೀರೆಂಬುದು ಮೊದಲು ಬಾಯಾರಿಕೆಯ ವಿಷಯ, ಆಮೇಲೆ ಬೆಳೆಯ ವಿಷಯ. ವಿಹಾರದ ವಿಷಯವಾಗಿ ಅದನ್ನು ಕಾಣುವ ಅವಕಾಶ ಜನಕ್ಕೆ ದೊರೆತದ್ದೇ ಕಡಮೆ. ಆದರೂ ನೀರಿನ ದಾರಿಗಳು ಇಲ್ಲಿ ಇಲ್ಲದಿಲ್ಲ. ನಂದಿಬೆಟ್ಟಗಳ ಸಾಲಿನಲ್ಲಿ ಹುಟ್ಟಿದ ಉತ್ತರ ಪಿನಾಕಿನಿಯು ಗೌರಿಬಿದನೂರನ್ನು ದಾಟಿ ಹಿಂದೂಪುರದ ಎಲ್ಲೆಯನ್ನು ಹೊಗುತ್ತದೆ. ದೇವರಾಯನದುರ್ಗದ ಕಡೆಯಿಂದ ಇಳಿದು ಬರುವ ಜಯಮಂಗಲಿಯು ಪರಿಗಿಯ ಸಮೀಪದಲ್ಲಿ ಅದನ್ನು ಕೂಡಿಕೊಳ್ಳುತ್ತದೆ. ಕಲ್ಯಾಣದುರ್ಗದಿಂದ ಪಶ್ಚಿಮಕ್ಕೆ ಹೋದರೆ, ಹಿರಿಯೂರಿನ ಬಳಿ ಮಾರಿಕಣಿವೆಯ ಕಟ್ಟೆಗೆ ಸಿಕ್ಕಿ ಉಳಿದ ವೇದಾವತಿಯ ನೀರು, ಹಗರಿ ಎಂಬ ಹೆಸರಿನಿಂದ, ಭೈರವಾನಿತಿಪ್ಪದ ಜಲಾಶಯಕ್ಕೆ ಬಂದು ನಿಲ್ಲುತ್ತದೆ. ೧೯೦೭ರಲ್ಲಿ ಮುಗಿದ ಮಾರಿಕಣಿವೆಯ ಕಟ್ಟೆಯು ೧೯೩೩ರಲ್ಲಿ ಕೋಡಿ ಬಿದ್ದ ಬಳಿಕ ಮತ್ತೆ ಕೋಡಿ ಬಿದ್ದದ್ದು ೨೦೨೨ರಲ್ಲಿ ಎಂಬುದನ್ನು ನೆನೆದರೆ, ಈ ನದಿಯ ಕೆಳಭಾಗದಲ್ಲಿರುವವರು ತುಂಬಿದ ನೀರನ್ನು ಎಂಥ ಕಣ್ಣಿನಿಂದ ನೋಡುತ್ತಾರೆಂಬುದನ್ನು ಊಹಿಸಬಹುದು. ಈಗಂತೂ ಹಂದ್ರಿ–ನೀವಾ ಕಾಲುವೆಯ ಮೂಲಕ ಕೃಷ್ಣೆಯ ನೀರೇ ಪೆನುಕೊಂಡದ ಬಳಿಯ ಗೊಲ್ಲಪಲ್ಲಿ ಜಲಾಶಯದವರೆಗೆ ಬಂದಿದೆ.

ನೀರು ನಿಂತಲ್ಲಿ ಅದರ ಮೇಲೆ ತೇಲಬೇಕೆಂಬ ಆಸೆ ಮನುಷ್ಯನಿಗೆ ಸಹಜ. ನಮ್ಮ ಸೀಮೆಯ ಪರಂಪರೆಯಲ್ಲಿ ಆ ಆಸೆಯನ್ನು ಈಡೇರಿಸಿಕೊಟ್ಟದ್ದು ಹರಿಗೋಲು. ಸುಮಾರು ೧೫೨೦ರಲ್ಲಿ ವಿಜಯನಗರವನ್ನು ಕಂಡ ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬೆತ್ತದಿಂದ ಹೆಣೆದು ಹೊರಗೆ ತೊಗಲು ಹೊದಿಸಿದ ದುಂಡನೆಯ ದೋಣಿಗಳಲ್ಲಿ ಜನ ಆನೆಗೊಂದಿಗೆ ದಾಟುತ್ತಿದ್ದುದನ್ನೂ, ಒಂದೊಂದರಲ್ಲಿ ಹದಿನೈದಿಪ್ಪತ್ತು ಮಂದಿ ಹಿಡಿಯುತ್ತಿದ್ದುದನ್ನೂ, ಅವು ನೆಟ್ಟಗೆ ಸಾಗದೆ ಸುತ್ತುತ್ತಲೇ ಮುಂದುವರಿಯುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ. ತುಂಗಭದ್ರೆಯ ಮೇಲೆ ಇಂದಿಗೂ ಅದು ಹಾಗೆಯೇ ಸುತ್ತುತ್ತದೆ; ತೊಗಲಿನ ಸ್ಥಾನಕ್ಕೆ ಪ್ಲಾಸ್ಟಿಕ್ ಚೀಲವೂ ಟಾರೂ ಬಂದಿರುವುದೊಂದೇ ವ್ಯತ್ಯಾಸ. ಬಂಡೆಗಳ ನಡುವೆ ರಭಸವಾಗಿ ಹರಿಯುವ ಹೊಳೆಗೆ ಅದಕ್ಕಿಂತ ಯುಕ್ತವಾದ ವಾಹನವನ್ನು ಯಾರೂ ಕಲ್ಪಿಸಲಾರರು. ಆದರೆ ನಿಶ್ಚಲವಾದ ವಿಶಾಲ ಕೆರೆಯ ಮೇಲೆ ಒಬ್ಬನೇ ಕುಳಿತು, ತನ್ನ ಮೈಯ ಬಲವನ್ನೆಲ್ಲ ವೇಗವಾಗಿ ಪರಿವರ್ತಿಸಿ ಮೈಲಿಗಟ್ಟಲೆ ನೆಟ್ಟಗೆ ಸಾಗಬೇಕೆನ್ನುವವನಿಗೆ ಬೇಕಾಗುವುದು ಬೇರೊಂದು ಬಗೆಯ ದೋಣಿ: ಉದ್ದವಾದದ್ದು, ಕಿರಿದಾದದ್ದು, ಮತ್ತು ಎರಡು ಪಕ್ಕಗಳಲ್ಲಿಯೂ ಕೀಲಿಗೆ ಸಿಕ್ಕಿಸಿದ ಎರಡು ನೀಳವಾದ ಹುಟ್ಟುಗಳುಳ್ಳದ್ದು.

ಇಂಥ ದೋಣಿಯ ಒಡಲನ್ನು ಪ್ಲೈವುಡ್ಡಿನಿಂದ ಮನೆಯಂಗಳದಲ್ಲಿಯೇ ಕಟ್ಟಿಕೊಳ್ಳುವುದು ಅಸಾಧ್ಯವಾದ ಕಾರ್ಯವೇನಲ್ಲ. ನಕ್ಷೆಗಳು ದೊರೆಯುತ್ತವೆ, ಹಲಗೆಗಳನ್ನು ತಂತಿಯಿಂದ ಹೊಲಿದು, ಸಂದುಗಳನ್ನು ಎಪಾಕ್ಸಿ ಅಂಟಿನಿಂದ ತುಂಬಿ ಮುಚ್ಚುವ ವಿಧಾನವನ್ನು ಹೇಳಿಕೊಡುವವರೂ ಇದ್ದಾರೆ. ಕಟ್ಟುವವನು ಎಡವುವುದು ಒಡಲು ಮುಗಿದ ಮೇಲೆ. ದೋಣಿ ತೇಲಿತು, ಅಂದವಾಗಿಯೂ ಕಂಡಿತು. ಹುಟ್ಟನ್ನು ಎಲ್ಲಿ ಊರಬೇಕು? ದೋಣಿಯ ಅಂಚಿನ ಮೇಲೆಯೇ ಕೀಲು ನೆಟ್ಟರೆ ಹುಟ್ಟಿನ ಹಿಡಿಗಳು ಗೇಣುದ್ದವಾಗಿ ಎದೆಯ ಬಳಿ ಸಿಕ್ಕಿಬೀಳುತ್ತವೆ. ಎಳೆದರೆ ತೋಳು ಸೋಲುತ್ತದೆಯೇ ಹೊರತು ದೋಣಿ ಸಾಗುವುದಿಲ್ಲ. ಈ ತೊಡಕನ್ನು ಬಿಡಿಸುವ ಸಾಧನವೇ ರಿಗ್ಗರ್; ಎಂದರೆ ಅಂಚಿನಿಂದ ಹೊರಕ್ಕೆ ಚಾಚಿ, ತನ್ನ ತುದಿಯಲ್ಲಿ ಹುಟ್ಟಿನ ಕೀಲನ್ನು ಹೊತ್ತು ನಿಲ್ಲುವ ತೋಳು.

ಅದರ ಮರ್ಮವನ್ನು ನಮ್ಮ ಹೊಲಗಳಲ್ಲಿ ಏತ ಹೊಡೆದ ಹಿರಿಯರಿಗೆ ವಿವರಿಸಿ ಹೇಳಬೇಕಾದ್ದಿಲ್ಲ. ಏತದ ಮರದ ಮೇಲೆ ನಡೆಯುವವನು ಆಧಾರದ ಗೂಟದಿಂದ ದೂರ ಸರಿದಷ್ಟೂ ಬಾವಿಯೊಳಗಿನ ಪಾತ್ರೆ ಹಗುರವಾಗಿ ಮೇಲಕ್ಕೇಳುತ್ತದೆ; ಆಧಾರಕ್ಕೆ ತೀರ ಸಮೀಪದಲ್ಲಿ ನಿಂತರೆ ಭೀಮಕಾಯನಾದರೂ ನೀರೆತ್ತಲಾರ. ಹುಟ್ಟಿನಲ್ಲಿಯೂ ಇದೇ ನ್ಯಾಯ. ಕೀಲಿನಿಂದ ಒಳಗಿರುವ ಹಿಡಿಯ ಭಾಗಕ್ಕೂ ಹೊರಗಿರುವ ಅಲಗಿನ ಭಾಗಕ್ಕೂ ಒಂದು ಪ್ರಮಾಣವಿರಬೇಕು. ಹೊರಭಾಗ ನೀಳವಾದಷ್ಟೂ ಒಂದೊಂದು ಎಳೆತಕ್ಕೆ ದೋಣಿ ಹೆಚ್ಚು ದೂರ ಸಾಗುತ್ತದೆ; ಆದರೆ ಹಾಗೆ ನೀಳಗೊಳಿಸಿದಾಗ ಒಳಭಾಗವೂ ತಕ್ಕಷ್ಟಿಲ್ಲದಿದ್ದರೆ ಮನುಷ್ಯನ ಬೆನ್ನು ಅದನ್ನು ತಾಳದು. ಒಳಭಾಗಕ್ಕೆ ಎಡೆ ದೊರೆಯಬೇಕಾದರೆ ಎರಡು ಕೀಲುಗಳು ಒಂದಕ್ಕೊಂದು ದೂರವಿರಬೇಕು. ಕೀಲುಗಳನ್ನು ದೂರವಿಡುವುದಕ್ಕಾಗಿ ದೋಣಿಯನ್ನೇ ಅಗಲ ಮಾಡಿದರೆ ಅದು ನೀರನ್ನು ಹೆಚ್ಚು ತಳ್ಳಬೇಕಾಗಿ ಬಂದು ಮಂದವಾಗುತ್ತದೆ. ದೋಣಿಯ ಅಗಲವನ್ನು ನಿರ್ಣಯಿಸುವ ಅಧಿಕಾರ ನೀರಿಗಿರಬೇಕು, ಕೀಲುಗಳ ಅಂತರವನ್ನು ನಿರ್ಣಯಿಸುವ ಅಧಿಕಾರ ಮನುಷ್ಯನ ತೋಳಿಗಿರಬೇಕು. ಪರಸ್ಪರ ವಿರುದ್ಧವಾದ ಈ ಎರಡು ಬೇಡಿಕೆಗಳನ್ನು ಬೇರೆ ಬೇರೆಯಾಗಿ ಪೂರೈಸಿಕೊಟ್ಟದ್ದೇ ರಿಗ್ಗರಿನ ಹಿರಿಮೆ.

ಇಷ್ಟು ಸರಳವಾದ ಈ ಉಪಾಯ ಲೋಕಕ್ಕೆ ಹೊಳೆದು ಸುಮಾರು ಇನ್ನೂರು ವರ್ಷಗಳು ಮಾತ್ರ ಆಗಿವೆಯೆಂಬುದು ವಿಸ್ಮಯಕರ. ಇಂಗ್ಲೆಂಡಿನ ಉತ್ತರದಲ್ಲಿ, ಕಲ್ಲಿದ್ದಲು ಸಾಗಿಸುವ ದೋಣಿಗಳಿಂದ ಕಿಕ್ಕಿರಿದಿದ್ದ ಟೈನ್ ನದಿಯ ತೀರದಲ್ಲಿ, ಆಂತೊನಿ ಬ್ರೌನ್ ಎಂಬಾತನು ೧೮೨೮ರಲ್ಲಿ ತನ್ನ ದೋಣಿಗೆ ಒರಟಾದ ಮರದ ತೋಳುಗಳನ್ನು ಜೋಡಿಸಿದನೆಂದೂ, ಎರಡು ವರ್ಷಗಳ ತರುವಾಯ ಅದೇ ತೀರದ ಫ್ರಾಂಕ್ ಎಮೆಟ್ ಕಬ್ಬಿಣದ ತೋಳುಗಳನ್ನು ಪ್ರಯೋಗಿಸಿದನೆಂದೂ ಹೇಳುವರು. ಅದನ್ನು ಪರಿಷ್ಕರಿಸಿ, ದೋಣಿಯ ಒಡಲನ್ನೇ ಅದಕ್ಕೆ ತಕ್ಕಂತೆ ಕಿರಿದುಗೊಳಿಸಿ ಖ್ಯಾತಿ ಪಡೆದವನು ಅದೇ ನದಿಯ ದುಡಿಮೆಗಾರ ಮನೆತನದ ಹ್ಯಾರಿ ಕ್ಲಾಸ್ಪರ್. ೧೮೪೬ರ ಹೊತ್ತಿಗೆ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾನಿಲಯಗಳ ಸ್ಪರ್ಧೆಯಲ್ಲಿಯೂ ತೋಳುಳ್ಳ ದೋಣಿಗಳೇ ಇಳಿದವು. ವಿದ್ವಾಂಸರ ಗಣಿತದಿಂದಲ್ಲ, ಹೊಟ್ಟೆಪಾಡಿಗಾಗಿ ದೋಣಿ ನಡೆಸುವವರ ಕೈಯಿಂದ ಈ ವಸ್ತು ಹುಟ್ಟಿತೆಂಬುದೂ, ಅದರ ಪ್ರಥಮ ರೂಪ ಮರದ್ದೇ ಆಗಿತ್ತೆಂಬುದೂ ನಮ್ಮ ಬಡಗಿಗಳಿಗೆ ಧೈರ್ಯವನ್ನು ಕೊಡತಕ್ಕ ಸಂಗತಿ. ಇಂದಿನ ಸ್ಪರ್ಧೆಯ ದೋಣಿಗಳಲ್ಲಿ ಅಲ್ಯುಮಿನಿಯಮ್ಮೋ ಕಾರ್ಬನ್ ನಾರೋ ಇರುತ್ತದೆ. ಅವುಗಳ ಬೆಲೆಯಾದರೋ ಮನೆಯಲ್ಲಿ ಕಟ್ಟಿದ ದೋಣಿಯ ಒಟ್ಟು ವೆಚ್ಚವನ್ನು ಮೀರುವುದುಂಟು.

ಇಲ್ಲಿ ಒಂದು ಭ್ರಾಂತಿಯನ್ನು ನಿವಾರಿಸಬೇಕು. ನಮ್ಮ ಉತ್ತರ ಕನ್ನಡದ ಕರಾವಳಿಯಲ್ಲಿ ಬೆಸ್ತರು ನಡೆಸುವ ಪಾತಿ ದೋಣಿಗಳ ಒಂದು ಪಕ್ಕದಲ್ಲಿ ಎರಡು ಬಾಗಿದ ಮರಗಳು ಹೊರಚಾಚಿ, ಅವುಗಳ ತುದಿಯಲ್ಲಿ ತೇಲುವ ದಿಮ್ಮಿಯೊಂದು ನೀರನ್ನು ತಾಕಿಕೊಂಡಿರುವುದನ್ನು ನೋಡಿದವರು, ರಿಗ್ಗರ್ ಎಂದರೂ ಅದೇ ಎಂದುಕೊಳ್ಳಬಹುದು. ಅದು ಬೇರೆ, ಇದು ಬೇರೆ. ಪಾತಿಯ ದಿಮ್ಮಿ ದೋಣಿ ಮಗುಚದಂತೆ ಕಾಯುತ್ತದೆ. ರಿಗ್ಗರ್ ನೀರನ್ನು ಮುಟ್ಟುವುದೂ ಇಲ್ಲ, ದೋಣಿಯನ್ನು ಮಗುಚುವಿಕೆಯಿಂದ ಕಾಪಾಡುವುದೂ ಇಲ್ಲ. ಕಿರಿದಾದ ಹುಟ್ಟುದೋಣಿಯನ್ನು ಸಮತೋಲದಲ್ಲಿರಿಸುವುದು ನೀರಿನ ಮೇಲೆ ಒರಗಿದ ಹುಟ್ಟಿನ ಅಲಗುಗಳೇ. ಹುಟ್ಟನ್ನು ಕೈಬಿಟ್ಟವನನ್ನು ರಿಗ್ಗರ್ ರಕ್ಷಿಸಲಾರದು.

ಇನ್ನು ಅಳತೆಯ ವಿಚಾರ. ಒಬ್ಬನೇ ಎರಡು ಹುಟ್ಟುಗಳನ್ನು ಎಳೆಯುವ ದೋಣಿಯಲ್ಲಿ ಎರಡು ಕೀಲುಗಳ ನಡುವಣ ಅಂತರ ಸಾಮಾನ್ಯವಾಗಿ ೧೫೮ರಿಂದ ೧೬೦ ಸೆಂಟಿಮೀಟರು. ಹುಟ್ಟಿನ ಉದ್ದ ಸುಮಾರು ೨೮೮ ಸೆಂಟಿಮೀಟರು. ಅದರಲ್ಲಿ ಕೀಲಿನಿಂದ ಒಳಗಡೆಗೆ ೮೮, ಹೊರಗಡೆಗೆ ೨೦೦. ಅಂತರದ ಅರ್ಧವಾದ ೭೯ಕ್ಕಿಂತ ಒಳಭಾಗವು ಒಂಬತ್ತು ಸೆಂಟಿಮೀಟರು ಹೆಚ್ಚಾಗಿರುವುದರಿಂದ ಎರಡು ಹಿಡಿಗಳು ನಡುವೆ ಒಂದರ ಮೇಲೊಂದು ಹಾಯುತ್ತವೆ. ಇದು ದೋಷವಲ್ಲ, ಅಗತ್ಯ. ಎಡಗೈ ಮೇಲೆ, ಬಲಗೈ ಕೆಳಗೆ ಎಂಬುದು ರೂಢಿ, ತನ್ನಿಮಿತ್ತವಾಗಿ ಎಡಗೈಯ ಕಡೆಯ ಕೀಲನ್ನು ಒಂದು ಸೆಂಟಿಮೀಟರಿನಷ್ಟು ಎತ್ತರಿಸುವುದು ವಾಡಿಕೆ. ಕುಳಿತ ಹಲಗೆಯಿಂದ ಹುಟ್ಟು ಕೂರುವ ಕವಲಿನವರೆಗಿನ ಎತ್ತರ ೧೪ರಿಂದ ೧೮ ಸೆಂಟಿಮೀಟರು. ಇವು ಸ್ಪರ್ಧೆಯ ದೋಣಿಗಳಿಂದ ಬಂದ ಅಂಕಿಗಳಾದರೂ ವಿಹಾರದ ದೋಣಿಗೂ ಸಲ್ಲುತ್ತವೆ, ಏಕೆಂದರೆ ಮನುಷ್ಯನ ಮೈಯ ಅಳತೆ ಎರಡರಲ್ಲಿಯೂ ಒಂದೇ. ದೋಣಿಯ ಅಗಲ ಮಾತ್ರ ಬದಲಾಗುತ್ತದೆ. ಸ್ಪರ್ಧೆಯ ದೋಣಿ ನೀರಿನ ಮಟ್ಟದಲ್ಲಿ ಮೊಳಕ್ಕಿಂತ ಕಿರಿದು. ಮನೆಯಲ್ಲಿ ಕಟ್ಟುವವರು ಅಂಚಿನಲ್ಲಿ ೬೦ ಸೆಂಟಿಮೀಟರು ಅಗಲವಿಟ್ಟುಕೊಂಡರೆ ಕಲಿಯುವವನಿಗೂ ಕ್ಷೇಮ. ಆಗ ಪ್ರತಿಯೊಂದು ತೋಳೂ ಅಂಚಿನಿಂದ ಹೊರಕ್ಕೆ ೪೯ ಸೆಂಟಿಮೀಟರು ಚಾಚಬೇಕಾಗುತ್ತದೆ. ದೋಣಿ ನಾಲ್ಕಡಿ ಅಗಲವಾಗಿದ್ದರೆ ತೋಳಿನ ಗೊಡವೆಯೇ ಬೇಡ, ಅಂಚಿನ ಮೇಲೆಯೇ ಕೀಲು ನೆಟ್ಟು ಗಿಡ್ಡ ಹುಟ್ಟುಗಳನ್ನು ಬಳಸಿದರೆ ಸಾಕು.

ಈ ತೋಳು ಹೊರಬೇಕಾದ ಭಾರವೆಷ್ಟು? ಒಂದು ಕೈಯ ಎಳೆತವನ್ನು ೨೦ ಕಿಲೋ ಎಂದಿಟ್ಟುಕೊಳ್ಳೋಣ. ಹಿಡಿಯ ಮಧ್ಯದಿಂದ ಕೀಲಿಗೆ ೮೪ ಸೆಂಟಿಮೀಟರು, ಅಲಗಿನ ಮಧ್ಯದಿಂದ ಕೀಲಿಗೆ ೧೮೦ ಸೆಂಟಿಮೀಟರು ಇರುವುದಾದರೆ, ಅಲಗಿನ ಮೇಲೆ ನೀರು ಒತ್ತುವುದು ೯ ಕಿಲೋವಿಗಿಂತ ಸ್ವಲ್ಪ ಹೆಚ್ಚು. ಎಳೆಯುವವನು ಮೂತಿಗೆ ಬೆನ್ನು ಮಾಡಿ ಕುಳಿತಿರುತ್ತಾನೆ; ಕೈ ಮತ್ತು ನೀರು ಎರಡೂ ಹುಟ್ಟನ್ನು ಒಂದೇ ದಿಕ್ಕಿಗೆ, ಅಂದರೆ ದೋಣಿಯ ಮೂತಿಯ ಕಡೆಗೆ ಒತ್ತುತ್ತಿರುವುದರಿಂದ ಎರಡರ ಮೊತ್ತವಾದ ಸುಮಾರು ೩೦ ಕಿಲೋ ಕೀಲಿನ ಮೇಲೆ ಬೀಳುತ್ತದೆ. ಕೈಯ ಬಲಕ್ಕಿಂತ ಕೀಲಿನ ಮೇಲಿನ ಬಲವೇ ಹೆಚ್ಚೆಂಬ ಈ ಸಂಗತಿ ಮೊದಲಿಗೆ ವಿಚಿತ್ರವಾಗಿ ತೋರಿದರೂ, ಎಳೆಯುವವನ ಕಾಲು ಅದೇ ಕ್ಷಣದಲ್ಲಿ ಎರಡು ಕೈಗಳ ೪೦ ಕಿಲೋವನ್ನು ದೋಣಿಯ ಹಿಂಬದಿಯ ಕಡೆಗೆ ಒದೆಯುತ್ತಿದೆಯೆಂಬುದನ್ನು ನೆನೆದರೆ ಲೆಕ್ಕ ಸರಿಹೋಗುತ್ತದೆ: ಎರಡು ಕೀಲುಗಳ ೬೦ರಲ್ಲಿ ಕಾಲಿನ ೪೦ ಕಳೆದು ಉಳಿದ ಸುಮಾರು ೨೦ ಕಿಲೋವೇ ದೋಣಿಯನ್ನು ಮುಂದಕ್ಕೊಯ್ಯುವ ಬಲ. ಆದುದರಿಂದಲೇ ಕಾಲೂರಲು ಗಟ್ಟಿಯಾದ ಹಲಗೆಯೊಂದಿಲ್ಲದ ದೋಣಿಗೆ ರಿಗ್ಗರ್ ಜೋಡಿಸುವುದು ವ್ಯರ್ಥ.

ಸುಮಾರು ಅರ್ಧ ಮೀಟರು ದೂರದ ತುದಿಯಲ್ಲಿ ೩೦ ಕಿಲೋ. ೬ ಸೆಂಟಿಮೀಟರು ಅಗಲ, ೪ ಸೆಂಟಿಮೀಟರು ದಪ್ಪದ ತೇಗದ ತುಂಡೊಂದು ಈ ಭಾರಕ್ಕೆ ಮುರಿಯುವುದಿರಲಿ, ತುದಿಯಲ್ಲಿ ಎರಡು ಮಿಲಿಮೀಟರಿನಷ್ಟೂ ಬಾಗುವುದಿಲ್ಲ. ಆದರೆ ಹೀಗಾಗಬೇಕಾದರೆ ಅದರ ಅಗಲವಾದ ಮೈ ಆಕಾಶವನ್ನು ನೋಡುವಂತೆ ಮಲಗಿಸಿರಬೇಕು. ತೊಲೆಯನ್ನು ಗೋಡೆಯ ಮೇಲೆ ಏರಿಸುವಾಗ ಆಳವನ್ನು ಲಂಬವಾಗಿ ನಿಲ್ಲಿಸಿ ಅಭ್ಯಾಸವಾದ ಕೈ, ಇಲ್ಲಿಯೂ ಹಾಗೆಯೇ ನಿಲ್ಲಿಸಲು ಹೋಗುತ್ತದೆ. ಮನೆಯ ತೊಲೆಯ ಮೇಲಿನ ಭಾರ ಕೆಳಮುಖವಾದದ್ದು, ದೋಣಿಯ ತೋಳಿನ ಮೇಲಿನ ಸೆಳೆತ ಅಡ್ಡವಾದದ್ದು. ಅದೇ ತುಂಡನ್ನು ತಪ್ಪು ಮಗ್ಗುಲಲ್ಲಿ ನಿಲ್ಲಿಸಿದರೆ ಬಾಗುವಿಕೆ ಎರಡೂಕಾಲು ಪಾಲಾಗುತ್ತದೆ. ಹೀಗೆ ಬಾಗಿ ಮರಳುವ ತೋಳು ಮುರಿಯದಿದ್ದರೂ, ಪ್ರತಿಯೊಂದು ಎಳೆತದ ಮೊದಲ ಭಾಗವನ್ನು ತಾನೇ ನುಂಗಿಬಿಡುತ್ತದೆ. ಮರದ ರಿಗ್ಗರಿನಲ್ಲಿ ಬಲಕ್ಕಿಂತ ಬಿಗುವೇ ಮುಖ್ಯವೆಂದು ನಾನು ಒತ್ತಿ ಹೇಳುವುದು ಈ ಕಾರಣದಿಂದ.

ಮರವನ್ನು ಆರಿಸುವಲ್ಲಿ ನಮ್ಮ ಸೀಮೆ ಬಡವಲ್ಲ. ಇಲ್ಲಿನ ಒಣಕಾಡುಗಳ ಕಮರವು ನಮ್ಮ ದೇಶದ ಅತಿ ಗಟ್ಟಿಯಾದ ಮರಗಳಲ್ಲೊಂದು. ಅದರ ಚೇಗು ನೀರಿಗಿಂತ ಭಾರವಾಗಿರುವುದರಿಂದ ತೇಲದೆ ಮುಳುಗುತ್ತದೆ. ಜಾಲಿಯು ಬಂಡಿಯ ಗಾಲಿಗೂ ನೇಗಿಲಿಗೂ ತಲೆತಲಾಂತರದಿಂದ ಒದಗಿ ಬಂದದ್ದು. ಬೇವು ಹುಳುವಿಗೆ ಸುಲಭವಾಗಿ ತುತ್ತಾಗದು. ಎರಡು ಪಕ್ಕದ ತೋಳು ಮತ್ತು ಊರುಗೋಲುಗಳನ್ನು ತೇಗದಲ್ಲಿ ಮಾಡಿದರೆ ಒಟ್ಟು ತೂಕ ಸುಮಾರು ೩ ಕಿಲೋ, ಕಮರದಲ್ಲಿ ಮಾಡಿದರೆ ಸುಮಾರು ೫ ಕಿಲೋ ಆಗುತ್ತದೆ. ಆ ಹೆಚ್ಚಿನ ತೂಕ ದೋಣಿಯ ಎರಡು ಪಕ್ಕಗಳಲ್ಲಿ, ಎತ್ತರದಲ್ಲಿ ಕೂರುವುದರಿಂದ ಅದನ್ನು ಹಗುರವೆಂದು ಭಾವಿಸಬಾರದು. ತೋಳುಗಳಿಗೆ ತೇಗ, ಕೀಲು ಕೂರುವ ಜಾಗದ ಚಿಕ್ಕ ಬಿಲ್ಲೆಗಳಿಗೆ ಜಾಲಿ, ಹೀಗೆ ಹಂಚಿಕೊಳ್ಳುವುದೇ ಮೇಲು.

ಜಾತಿಗಿಂತಲೂ ಮಿಗಿಲಾದದ್ದು ಎಳೆ. ಹಿಂದೂಪುರದಲ್ಲಿ ನೊಗ, ಮೂಕಿಗಳನ್ನು ಕೆತ್ತಿ ಕೈ ಪಳಗಿದ ವೃದ್ಧ ಬಡಗಿಯೊಬ್ಬರ ಮುಂದೆ, ಹಳೆಯ ಬಾಗಿಲುವಾಡದಿಂದ ಬಿಚ್ಚಿದ ತೇಗದ ತುಂಡೊಂದನ್ನು ಇಟ್ಟು, “ಆಚಾರ್ರೇ, ಇದು ಆಗಬಹುದಲ್ಲ?” ಎಂದು ಕೇಳಿದೆ. ಅವರು ಅದನ್ನು ತಿರುವಿ, ಬದಿಯ ಮೇಲೆ ಹೆಬ್ಬೆರಳನ್ನು ಉದ್ದಕ್ಕೂ ಎಳೆದು, ಮುಕ್ಕಾಲು ಭಾಗ ದಾಟಿದಲ್ಲಿ ನಿಲ್ಲಿಸಿದರು. “ಆಗಲ್ಲ ಸ್ವಾಮಿ. ಎಳೆ ಇಲ್ಲಿಂದ ಪಕ್ಕಕ್ಕೆ ಓಡೈತೆ ನೋಡಿ. ಬಾಗಿಲಿಗೆ ಸಾಕಿತ್ತು, ಅದು ಬರೀ ನಿಂತ್ಕೊಳೋ ಕೆಲಸ. ಎಳೆಯೋ ಕೆಲಸಕ್ಕೆ ಇಟ್ರೆ ಇಲ್ಲೇ ಸೀಳ್ತದೆ,” ಎಂದು, ಮೂಲೆಯಲ್ಲಿ ಒರಗಿಸಿದ್ದ ಇನ್ನೊಂದು ತುಂಡನ್ನು ತೋರಿದರು. ನೋಟಕ್ಕೆ ಅದು ಬಣ್ಣಗೆಟ್ಟ ಸಾಮಾನ್ಯವಾದ ತುಂಡು. ಆದರೆ ತುದಿಯಿಂದ ತುದಿಗೆ ಗಂಟಿಲ್ಲದೆ, ಗೆರೆ ಎಳೆದಂತೆ ಎಳೆ ಸಾಗಿತ್ತು. ರಿಗ್ಗರ್ ಎಂಬ ಹೆಸರನ್ನು ಅವರು ಅಲ್ಲಿಯವರೆಗೆ ಕೇಳಿರಲಿಲ್ಲ. ಅದು ಮಾಡಬೇಕಾದ ಕೆಲಸವೇನೆಂಬುದನ್ನು ನಾನು ಮೂರು ಮಾತಿನಲ್ಲಿ ಹೇಳಿದೊಡನೆ, ಯಾವ ಮಗ್ಗುಲು ಮೇಲಿರಬೇಕೆಂಬುದನ್ನು ಅವರೇ ನನಗೆ ಹೇಳಿದರು. ಎತ್ತುಗಳು ಅಡ್ಡಡ್ಡ ಎಳೆದಾಡುವ ನೊಗವನ್ನು ಜೀವಮಾನವೆಲ್ಲ ಕೆತ್ತಿದ ಕೈಗೆ ಅದು ಹೊಸ ಪಾಠವಾಗಿರಲಿಲ್ಲ.

ಕಟ್ಟುವ ವಿಧಾನಗಳಲ್ಲಿ ಅತ್ಯಂತ ಸುಲಭವಾಗಿ ಹೊಳೆಯುವುದು, ದೋಣಿಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹಾದು ಎರಡು ಕಡೆಗೂ ಚಾಚುವ ಒಂದೇ ನೇರ ತೊಲೆ. ಅದರಲ್ಲಿ ಗುಣವಿದೆ: ಒಂದು ಪಕ್ಕದ ತಿರುಚು ಇನ್ನೊಂದು ಪಕ್ಕದ ತಿರುಚನ್ನು ತೊಲೆಯೊಳಗೇ ತಡೆದು ನಿಲ್ಲಿಸುವುದರಿಂದ ಅಂಚಿನ ಮೇಲೆ ಒತ್ತಡ ಕಡಮೆ. ಆದರೆ ಕೀಲುಗಳು ಕುಳಿತವನಿಂದ ದೋಣಿಯ ಹಿಂಬದಿಯ ಕಡೆಗೆ ಸುಮಾರು ಒಂದಡಿ ದೂರದಲ್ಲಿರಬೇಕಾದುದರಿಂದ, ನೇರ ತೊಲೆಯು ಸರಿಯಾಗಿ ಅವನ ಮೊಣಕಾಲುಗಳ ಮೇಲೆ ಬಂದು ಕೂರುತ್ತದೆ. ಕಾಲು ಮಡಿಸಿ ಚಾಚುವುದಕ್ಕೆ ಅಡ್ಡಿ. ದೋಣಿ ಮಗುಚಿದರಂತೂ ಕಾಲು ಅದರಡಿ ಸಿಕ್ಕಿಕೊಳ್ಳುವ ಅಪಾಯ. ಸ್ಪರ್ಧೆಯ ದೋಣಿಗಳಲ್ಲಿ ಈ ತೊಲೆಯನ್ನು ಕಣಕಾಲಿನ ಮೇಲೆ ಹಾಯಿಸಿ ತುದಿಗಳನ್ನು ರೆಕ್ಕೆಯಂತೆ ಕುಳಿತವನ ಕಡೆಗೆ ಬಾಗಿಸುವರು; ಮರದಲ್ಲಿ ಹಾಗೆ ಬಾಗಿಸಬೇಕಾದರೆ ತೆಳು ಪಟ್ಟಿಗಳನ್ನು ಅಚ್ಚಿನ ಮೇಲೆ ಒಂದಕ್ಕೊಂದು ಅಂಟಿಸಬೇಕು. ಮೊದಲ ಸಲ ಕಟ್ಟುವವನು ಆ ಸಾಹಸಕ್ಕೆ ಹೋಗದೆ, ಎರಡು ಪಕ್ಕಗಳಲ್ಲಿಯೂ ಪ್ರತ್ಯೇಕವಾದ ತ್ರಿಕೋಣವನ್ನು ಮಾಡಿಕೊಳ್ಳುವುದು ವಿಹಿತವೆಂದು ನನ್ನ ಅಭಿಪ್ರಾಯ.

ತ್ರಿಕೋಣದ ಒಂದು ಭುಜ ಅಂಚಿಗೆ ಲಂಬವಾಗಿ ಹೊರಡುವ ಮುಖ್ಯ ತೋಳು, ಎರಡನೆಯದು ಕೀಲಿನ ಸಮೀಪದಿಂದ ಓರೆಯಾಗಿ ಬಂದು ಅಂಚನ್ನು ೪೦ ಸೆಂಟಿಮೀಟರು ಆಚೆ, ಮೂತಿಯ ಕಡೆಯಲ್ಲಿ ತಾಕುವ ಊರುಗೋಲು, ಮೂರನೆಯದು ದೋಣಿಯ ಅಂಚೇ. ಊರುಗೋಲನ್ನು ಮೂತಿಯ ಕಡೆಗಿಡುವುದಕ್ಕೆ ಕಾರಣವುಂಟು. ಎಳೆತದ ಬಲ ಮೂತಿಯ ಕಡೆಗೆ ಹೋಗುವುದರಿಂದ ಊರುಗೋಲು ಆಗ ಒತ್ತಡಕ್ಕೆ ಒಳಗಾಗುತ್ತದೆ. ಒತ್ತಡದಲ್ಲಿ ಮರದ ಕೂಡು ಇನ್ನಷ್ಟು ಬಿಗಿಯಾಗಿ ಕೂರುತ್ತದೆ, ಜಗ್ಗುವಿಕೆಯಲ್ಲಾದರೋ ಬೋಲ್ಟಿನ ರಂಧ್ರ ಸೀಳುವ ಸಂಭವವಿದೆ. ಮುಖ್ಯ ತೋಳಿನ ಉದ್ದ ಸುಮಾರು ೬೫ ಸೆಂಟಿಮೀಟರು: ಅಂಚಿನ ಒಳಗೆ ಕಚ್ಚಿಕೊಳ್ಳುವುದಕ್ಕೆ ಹತ್ತು, ಹೊರಕ್ಕೆ ನಲವತ್ತೊಂಬತ್ತು, ಕೀಲಿನ ಆಚೆ ಐದಾರು. ಈ ಕೊನೆಯ ಐದಾರು ಸೆಂಟಿಮೀಟರನ್ನು ಅಂದಕ್ಕಾಗಿ ಕತ್ತರಿಸಬಾರದು. ಕೀಲಿನ ರಂಧ್ರ ತುದಿಗೆ ಹತ್ತಿರವಾದಷ್ಟೂ ಮರ ಸೀಳುವುದು ಸುಲಭ. ಊರುಗೋಲು ೪ ಸೆಂಟಿಮೀಟರು ಅಗಲ, ೩ ಸೆಂಟಿಮೀಟರು ದಪ್ಪ, ಉದ್ದ ಸುಮಾರು ೬೩. ಅದರ ತುದಿಯನ್ನು ತೋಳಿನೊಳಕ್ಕೆ ಕೊರೆದು ಸೇರಿಸುವ ಬದಲು ಅಡಿಯಲ್ಲಿ ಓರೆಯಾಗಿ ಕೀಸಿ ಕೂರಿಸಿ, ಅಂಟು ಹಚ್ಚಿ, ಬೋಲ್ಟ್ ಹಾಕುವುದು ಕ್ಷೇಮ. ಎಲ್ಲಕ್ಕಿಂತ ಹೆಚ್ಚು ಭಾರ ಬೀಳುವ ಕಡೆಯಲ್ಲಿ ಮರವನ್ನು ಕೊರೆದು ತೆಳುಮಾಡುವುದು ವಿವೇಕವಲ್ಲ.

ನಿಜವಾದ ದೌರ್ಬಲ್ಯವಿರುವುದು ತೋಳಿನಲ್ಲಲ್ಲ, ಅದು ಕೂರುವ ಅಂಚಿನಲ್ಲಿ. ಆರು ಮಿಲಿಮೀಟರು ಪ್ಲೈವುಡ್ಡಿನ ಪಕ್ಕಕ್ಕೆ ಒಂದು ರೀಪು ಹೊಡೆದು ಅದನ್ನೇ ನಂಬಿದರೆ, ಕೆಲವು ದಿನಗಳಲ್ಲಿ ರೀಪು ಸಡಿಲಗೊಂಡು ಬೋಲ್ಟುಗಳ ಸುತ್ತ ನೀರು ಇಳಿಯತೊಡಗುತ್ತದೆ. ಒಳಗಡೆಯಿಂದ ಎರಡೂವರೆ ಸೆಂಟಿಮೀಟರು ದಪ್ಪದ ಗಟ್ಟಿಮರದ ಹಲಗೆಯೊಂದನ್ನು, ತೋಳಿನ ಬುಡದಿಂದ ಊರುಗೋಲಿನ ಬುಡವನ್ನು ದಾಟುವಷ್ಟು ಉದ್ದಕ್ಕೆ, ದೋಣಿಯ ಎರಡು ಪಕ್ಕೆಗಳಿಗಾದರೂ ತಾಗುವಂತೆ ಅಂಟಿಸಬೇಕು. ೧೦ ಮಿಲಿಮೀಟರಿನ ತುಕ್ಕು ಹಿಡಿಯದ ಬೋಲ್ಟುಗಳು ಅಂಚನ್ನೂ ಈ ಹಲಗೆಯನ್ನೂ ಒಟ್ಟಿಗೆ ಹಾದುಹೋಗಬೇಕು. ನಟ್ಟಿನಡಿಯ ವಾಷರು ಎಂಟಾಣೆ ನಾಣ್ಯದಷ್ಟಲ್ಲ, ಹಳೆಯ ಬೆಳ್ಳಿ ರೂಪಾಯಿಗಿಂತ ಅಗಲವಾಗಿರಬೇಕು. ರಂಧ್ರಗಳನ್ನು ಮೊದಲು ತುಸು ದೊಡ್ಡದಾಗಿ ಕೊರೆದು, ಎಪಾಕ್ಸಿಯಿಂದ ತುಂಬಿ, ಅದು ಒಣಗಿದ ಮೇಲೆ ಅದರ ನಡುವೆ ಸರಿಯಾದ ಅಳತೆಗೆ ಮತ್ತೆ ಕೊರೆಯುವ ಕ್ರಮವೊಂದಿದೆ. ಬೇಸರದ ಕೆಲಸವೆಂದು ಅದನ್ನು ಬಿಡುವವರುಂಟು. ಬಿಡಬಾರದು, ಮರದೊಳಕ್ಕೆ ನೀರು ಹೊಗುವ ಮುಖ್ಯದ್ವಾರವೇ ಬೋಲ್ಟಿನ ರಂಧ್ರ.

ಜೋಡಣೆಗೆ ಮುಂಚೆ ದೋಣಿಯನ್ನು ಎರಡು ಕುದುರೆಗಳ ಮೇಲೆ, ಅಂದರೆ ಬಡಗಿಯ ಮರದ ಕಾಲುಮಣೆಗಳ ಮೇಲೆ, ರಸಮಟ್ಟವಿಟ್ಟು ಅಡ್ಡಕ್ಕೂ ಉದ್ದಕ್ಕೂ ಸಮವಾಗಿ ನಿಲ್ಲಿಸಬೇಕು. ಮೂತಿಯ ತುದಿಯಿಂದ ಹಿಂಬದಿಯ ತುದಿಗೆ ದಾರವೊಂದನ್ನು ಬಿಗಿದರೆ ಅದೇ ನಡುಗೆರೆ. ಅದರಿಂದ ಎರಡು ಕಡೆಗೂ ೭೯ ಸೆಂಟಿಮೀಟರು ಅಳೆಯಬೇಕೇ ಹೊರತು ಅಂಚಿನಿಂದ ಅಳೆಯಕೂಡದು, ಏಕೆಂದರೆ ಮನೆಯಲ್ಲಿ ಕಟ್ಟಿದ ದೋಣಿಯ ಎರಡು ಅಂಚುಗಳು ಕೂದಲೆಳೆಯಷ್ಟಾದರೂ ಭಿನ್ನವಾಗಿರುತ್ತವೆ. ತೋಳುಗಳನ್ನು ಕ್ಲಾಂಪುಗಳಿಂದ ತಾತ್ಕಾಲಿಕವಾಗಿ ಹಿಡಿಸಿ, ಕುಳಿತು, ಹುಟ್ಟುಗಳನ್ನು ಕವಲಿಗೆ ಹಾಕಿ, ಗಾಳಿಯಲ್ಲಿಯೇ ಎಳೆದು ನೋಡಬೇಕು: ಎಳೆತದ ಕೊನೆಯಲ್ಲಿ ಹಿಡಿಗಳು ಎದೆಯ ಕೆಳಗಿನ ಪಕ್ಕೆಲುಬಿನ ಬಳಿ ಬರುತ್ತವೆಯೆ, ಹಿಂದಿರುಗುವಾಗ ತೊಡೆಗಳನ್ನು ತಾಕದೆ ದಾಟುತ್ತವೆಯೆ? ದಾಟದಿದ್ದರೆ ತೋಳಿನ ಬುಡದಡಿ ಚಕ್ಕೆಯಿಟ್ಟು ಎತ್ತರಿಸಬೇಕು. ಇದೆಲ್ಲ ಸರಿಯಾದ ಮೇಲೆಯೇ ಬೈರಿಗೆಗೆ ಕೈ ಹಾಕುವುದು. ೧೩ ಮಿಲಿಮೀಟರಿನ ಕೀಲು ಎಲ್ಲ ದಿಕ್ಕಿನಿಂದಲೂ ತೂಗುಗುಂಡಿನ ದಾರಕ್ಕೆ ಸಮಾನಾಂತರವಾಗಿರಬೇಕು. ಕೀಲು ಹೊರಕ್ಕೋ ಒಳಕ್ಕೋ ವಾಲಿದರೆ ಅಲಗು ನೀರಿನಲ್ಲಿ ಒಮ್ಮೆ ಆಳಕ್ಕೆ ಧುಮುಕುತ್ತದೆ, ಒಮ್ಮೆ ಮೇಲೆ ಜಾರುತ್ತದೆ; ಹೊಸಬನು ತನ್ನ ಕೈಯ ದೋಷವೆಂದು ಕೊರಗುವ ಎಷ್ಟೋ ಕುಂದುಗಳು ಕೀಲಿನ ವಾಲಿಕೆಯವು. ಕೀಲನ್ನೂ ಅದರ ಬುಷ್ಷನ್ನೂ ಊರಿನ ಲೇತಿನ ಅಂಗಡಿಯಲ್ಲಿ ತಿರುವಿಸಿಕೊಳ್ಳಬಹುದು.

ನೀರಿಗಿಳಿಸುವ ಮೊದಲು ನೆಲದ ಮೇಲೆಯೇ ಪರೀಕ್ಷೆ ನಡೆಯಬೇಕು. ಕೀಲಿಗೆ ಹಗ್ಗ ಕಟ್ಟಿ, ಹುಣಿಸೆಯ ಮಂಡಿಯಲ್ಲಿ ಚೀಲ ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ನಡುವೆ ಸಿಕ್ಕಿಸಿ, ಮೂತಿಯ ಕಡೆಗೆ ೩೦ ಕಿಲೋ ತೋರುವವರೆಗೆ ಎಳೆದು, ತುದಿ ಎಷ್ಟು ಸರಿಯಿತೆಂಬುದನ್ನು ಬಿಗಿದ ದಾರದ ಪಕ್ಕದಲ್ಲಿ ಗುರುತಿಸಬೇಕು. ಆಮೇಲೆ ೬೦ ಕಿಲೋವಿಗೆ ಎಳೆದು ಕೂಡುಗಳಲ್ಲಿ ಕಿರುಗುಟ್ಟುವ ಸದ್ದೇನಾದರೂ ಬಂದೀತೆ ಎಂದು ಕಿವಿಗೊಡಬೇಕು. ಸದ್ದು ಬಂದರೆ ಅಂಟು ಬಿಟ್ಟಿದೆಯೆಂದೇ ಅರ್ಥ. ನೀರಿನ ಮೇಲಿನ ಪ್ರಥಮ ಪ್ರಯೋಗ ಸೊಂಟದ ಮಟ್ಟದ ನೀರಿನಲ್ಲಿ, ದಡದಲ್ಲಿ ಈಜುಬಲ್ಲವನೊಬ್ಬನಿರುವಾಗ, ತೇಲುಕವಚ ತೊಟ್ಟು ನಡೆಯತಕ್ಕದ್ದು. ಜಲಾಶಯಗಳಲ್ಲಿ ಇಳಿಯಲು ನೀರಾವರಿ ಇಲಾಖೆಯ ಅನುಮತಿ ಬೇಕು. ತೂಬಿನ ಬಳಿಗೂ ಕೋಡಿಯ ಬಳಿಗೂ ಅನುಮತಿಯಿದ್ದರೂ ಹೋಗಬಾರದು.

ಒಣನಾಡಿನವರಿಗೆ ಇದೆಲ್ಲ ಏತಕ್ಕೆಂದು ಕೇಳುವವರಿಗೆ ನಾನು ದತ್ತು ಭೋಕನಾಳ್ ಅವರ ಹೆಸರನ್ನು ಹೇಳುತ್ತೇನೆ. ಮಹಾರಾಷ್ಟ್ರದ ನಾಶಿಕ ಜಿಲ್ಲೆಯ ಬರಪೀಡಿತ ಗ್ರಾಮವೊಂದರಲ್ಲಿ ಹುಟ್ಟಿ, ಬಾವಿ ತೋಡುವ ಕೂಲಿ ಮಾಡಿ, ಸೈನ್ಯಕ್ಕೆ ಸೇರಿದ ಮೇಲೆಯೇ ಹುಟ್ಟು ಹಿಡಿದ ಈ ತರುಣರು ೨೦೧೬ರ ರಿಯೊ ಒಲಿಂಪಿಕ್ಸಿನಲ್ಲಿ ಒಂಟಿ ದೋಣಿಯ ಸ್ಪರ್ಧೆಯಲ್ಲಿ ಹದಿಮೂರನೆಯ ಸ್ಥಾನ ಪಡೆದರು. ೨೦೧೮ರ ಏಷ್ಯನ್ ಕ್ರೀಡಾಕೂಟದಲ್ಲಿ ನಾಲ್ವರ ದೋಣಿಯಲ್ಲಿ ಚಿನ್ನ ಗೆದ್ದ ತಂಡದಲ್ಲಿಯೂ ಇದ್ದರು. ನಮ್ಮ ಹತ್ತಿರದ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದರಾಸು ಸ್ಯಾಪರ್ಸ್ ಪಡೆಯ ಯೋಧರು ಇಂಥ ದೋಣಿಗಳನ್ನು ನಡೆಸುವುದುಂಟು. ಕಂಡವರು ಹುಟ್ಟಿನ ಲಯವನ್ನು ಮೆಚ್ಚಿ ನೋಡುತ್ತಾರೆ, ಅದರ ಆಧಾರವಾದ ತೋಳಿನ ಕಡೆಗೆ ಕಣ್ಣು ಹಾಯಿಸುವವರು ಕಡಮೆ.

ಉಳಿದದ್ದು ಪಾಲನೆಯ ಮಾತು. ನಮ್ಮ ಹವೆಗೆ ಅದು ಮಿಕ್ಕೆಲ್ಲ ಕಡೆಗಿಂತ ಹೆಚ್ಚು ಅವಶ್ಯ. ಸದಾ ತೇವವಿರುವ ಕರಾವಳಿಯಲ್ಲಿ ಮರದ ಶತ್ರು ಕೊಳೆತ; ಹಿಂದೂಪುರ, ಕಲ್ಯಾಣದುರ್ಗಗಳಲ್ಲಿ ಅದರ ಶತ್ರು ಬಿಸಿಲು. ಏಪ್ರಿಲ್, ಮೇ ತಿಂಗಳುಗಳ ಒಣಗಾಳಿಗೆ ತೋಳುಗಳು ಸೊರಗಿ ಕಿರಿದಾಗುತ್ತವೆ, ಹಿಂದಿನ ವರ್ಷ ಬಿಗಿದಿದ್ದ ನಟ್ಟುಗಳು ಬೆರಳಿನಿಂದಲೇ ತಿರುಗುವಷ್ಟು ಸಡಿಲವಾಗುತ್ತವೆ. ಆದುದರಿಂದ ಕೆರೆ ಬತ್ತಿದೊಡನೆ ತೋಳುಗಳನ್ನು ಬಿಚ್ಚಿ, ತುದಿಗಳ ಅಡ್ಡಕೊಯ್ತಕ್ಕೆ ಮೂರು ಕೈ ವಾರ್ನಿಷು ಬಳಿದು, ಮೈಗೆ ಕಾಯಿಸಿದ ಅಗಸೆಯೆಣ್ಣೆ ಉಜ್ಜಿ, ಗಾಳಿಯಾಡುವ ನೆರಳಿನಲ್ಲಿ ಚಪ್ಪಟೆಯಾಗಿ ಮಲಗಿಸಬೇಕು. ಗೋಡೆಗೆ ಒರಗಿಸಿದರೆ ಬಾಗುತ್ತವೆ. ಮುಂಗಾರಿನ ಮೊದಲ ನೀರು ಕೆರೆಗೆ ಬಂದಾಗ ಮತ್ತೆ ಜೋಡಿಸಿ, ನಟ್ಟುಗಳನ್ನು ಬಿಗಿದು, ಒಂದೆರಡು ವಾರಗಳಲ್ಲಿ ಮರ ತೇವವನ್ನು ಹೀರಿ ಉಬ್ಬಿದ ಮೇಲೆ ಇನ್ನೊಮ್ಮೆ ನೋಡಬೇಕು. ಆಗ ನಟ್ಟುಗಳು ಅತಿ ಬಿಗಿಯಾಗಿದ್ದು ವಾಷರು ಮರವನ್ನು ಕಚ್ಚುತ್ತಿದ್ದರೆ ಕಾಲು ಸುತ್ತು ಸಡಿಲಿಸತಕ್ಕದ್ದು.